ಹವಳಕ್ಕೆ ಹೊಸ ತೊಟ್ಟಿ

ಕಡಲ ಪಕ್ಕದ ಆಶ್ರಮವೊಂದರಲ್ಲಿ ಉಪ್ಪುನೀರಿನ ತೊಟ್ಟಿಯಿತ್ತು. ಅದರೊಳಗೆ ಬಣ್ಣದ ಮೀನುಗಳು, ಪಾಚಿ ಹಿಡಿದ ಕಲ್ಲುಗಳು, ಜೊತೆಗೆ ಒಂದು ಜೀವಂತ ಹವಳ. ಆ ಹವಳವನ್ನು ತಂದಿಟ್ಟವರು ಗುರುಗಳ ಗುರುಗಳು.

ತೊಟ್ಟಿ ಬಿರುಕು ಬಿಟ್ಟು ನೀರು ಜಿನುಗತೊಡಗಿತು. ಶಿಷ್ಯ ವಾಮನ ಗುರುಗಳಿಗೆ ದುಂಬಾಲು ಬಿದ್ದು ದೊಡ್ಡದೊಂದು ಗಾಜಿನ ತೊಟ್ಟಿ ತರಿಸಿದ.

"ಸಾಗಿಸುವ ಕೆಲಸ ನಿನ್ನದೇ," ಎಂದರು ಗುರುಗಳು.

ವಾಮನ ಉಸಿರು ಬಿಗಿಹಿಡಿದು ಸಾಗಿಸಿದ. ಹಳೆಯ ನೀರನ್ನೂ ಕೊಡದಲ್ಲಿ ತುಂಬಿ ತಂದ. ಕಲ್ಲುಗಳನ್ನು ಒಣಗಲು ಬಿಡಲಿಲ್ಲ. ಮೀನುಗಳು ಹೊಸ ಮನೆಯಲ್ಲಿ ಆರಾಮಾಗಿ ಓಡಾಡಿಕೊಂಡವು.

ಹವಳ ಮಾತ್ರ ಮುದುಡಿಕೊಂಡಿತು. ಮೊದಲೆಲ್ಲ ಅದು ಎಸಳಿನಂಥ ಪುಟ್ಟ ಕೈಗಳನ್ನು ಚಾಚಿ, ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತಿತ್ತು. ಈಗ ನೋಡಿದರೆ ಬರೀ ಕಲ್ಲು.



ಬೆಳಕು ಸಾಲದೇನೋ ಎಂದು ವಾಮನ ಅದನ್ನು ತೊಟ್ಟಿಯೊಳಗೇ ಕಿಟಕಿಯ ಬದಿಗೆ ಸರಿಸಿದ. ಬಿಸಿಲು ಹೆಚ್ಚಾಯಿತೇನೋ ಎಂದು ನೆರಳಿಗೆ ತಂದ. ನೀರಿನ ಸೆಳೆತ ಬೇಕೇನೋ ಎಂದು ಪಂಪಿನ ಮುಂದಿಟ್ಟ. ಸೆಳೆತ ಜಾಸ್ತಿಯಾಯಿತೆಂದು ಮತ್ತೆ ಮೂಲೆಗೆ ಒಯ್ದ. ಜಪಕ್ಕೆ ಕೂತರೂ ಕಣ್ಣು ತೊಟ್ಟಿಯ ಮೇಲೇ. ಹಸಿವೆಯನ್ನೂ ಮರೆತ. ಪಾಪ, ಅವನಾದರೂ ಏನು ಮಾಡಿಯಾನು?

ಕೊನೆಗೆ ಗುರುಗಳ ಬಳಿ ಓಡಿದ. "ಗುರುಗಳೇ, ಅದು ಸಾಯ್ತದೆ. ಇಷ್ಟು ವರ್ಷ ಬದುಕಿದ್ದು ನನ್ನ ಕೈಯಲ್ಲಿ ಸಾಯ್ತದೆ. ನನಗೆ ಹೆದರಿಕೆ ಆಗ್ತದೆ."

"ಈಗ ಎಲ್ಲಿಟ್ಟಿದ್ದೀ?"

"ಬೆಳಿಗ್ಗೆ ಎಡಕ್ಕಿತ್ತು, ಈಗ ಬಲಕ್ಕೆ. ಅದಕ್ಕೆ ಎಲ್ಲಿ ಹಿತ ಅಂತಲೇ ಗೊತ್ತಾಗುವುದಿಲ್ಲ. ಇನ್ನು ಎಲ್ಲಿಡಲಿ, ನೀವೇ ಹೇಳಿ."

"ಮೊದಲು ಊಟ ಮಾಡು."

ತೊಟ್ಟಿಯ ಕೋಣೆಯಲ್ಲೇ ಅವನನ್ನು ಕೂರಿಸಿ, ತಾವೇ ಅನ್ನ ಸಾರು ಬಡಿಸಿದರು. ಸಾರಿನ ಪರಿಮಳಕ್ಕೆ ವಾಮನನ ಹಸಿವೆಲ್ಲ ಒಮ್ಮೆಲೇ ಕೆರಳಿತು. ಅನ್ನ ಕಲಸುತ್ತಿದ್ದಂತೆಯೇ ಗುರುಗಳು ತಟ್ಟೆ ಎತ್ತಿಕೊಂಡರು.

"ಏಳು ಮಾರಾಯ, ಇಲ್ಲಿ ಸೆಕೆ. ಬಾಗಿಲ ಹತ್ತಿರ ಗಾಳಿ ಚಂದ ಬರ್ತದೆ."

ಬಾಗಿಲ ಹತ್ತಿರ ಹೋಗಿ ಕೂತ. ತುತ್ತಿಗೆ ಕೈ ಹಾಕಿದ.

"ಛೆ, ಇಲ್ಲಿ ಬಿಸಿಲು ಬೀಳ್ತದೆ. ಆ ಕಂಬದ ಹತ್ತಿರ ನೆರಳುಂಟು."

ಕಂಬದ ಹತ್ತಿರ ಕೂತ. ತುತ್ತು ಇನ್ನೇನು ಬಾಯಿಗೆ ಬಂದಿತ್ತು.

"ಅಯ್ಯೋ, ಇಲ್ಲಿ ಇರುವೆ. ಕಿಟಕಿ ಹತ್ತಿರವೇ ವಾಸಿ."

ಗುರುಗಳು ತಟ್ಟೆಗೆ ಕೈ ಹಾಕಿದ ರಭಸಕ್ಕೆ ಸಾರು ವಾಮನನ ಪಂಚೆಯ ಮೇಲೆ ಚೆಲ್ಲಿತು. ಅವನ ತಾಳ್ಮೆ ಹಾರಿಹೋಯಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.

"ಗುರುಗಳೇ! ಗಾಳಿ ಬೇಡ, ನೆರಳೂ ಬೇಡ! ಎಲ್ಲಾದರೂ ಆಗ್ತದೆ, ಒಂದು ಕಡೆ ಕೂತು ಉಣ್ಣಲಿಕ್ಕೆ ಬಿಡಿ!"

ತನ್ನ ಕೂಗಿಗೆ ತಾನೇ ಬೆಚ್ಚಿದ. ಗುರುಗಳೆದುರು ಅವನು ಎಂದೂ ಹಾಗೆ ಕೂಗಿದವನಲ್ಲ.

ಗುರುಗಳು ತಟ್ಟೆ ಬಿಟ್ಟರು. ತೊಟ್ಟಿಯೊಳಗೆ ಮುದುಡಿ ಕೂತ ಹವಳವನ್ನು ಸ್ವಲ್ಪ ಹೊತ್ತು ನೋಡಿದರು.

"ನಿನಗಾದರೂ ಕೂಗಲಿಕ್ಕೆ ದನಿ ಉಂಟು," ಎಂದರು.