ಹಲ್ಲುಜ್ಜುವ ಹೊತ್ತು

ಅಡವಯ್ಯನೆಂಬ ಶಿಷ್ಯ ಸಿಟ್ಟಿನಿಂದ ಬಂದು ಗುರುಗಳ ಮುಂದೆ ನಿಂತ. "ಹಲ್ಲುಜ್ಜಲು ತಕ್ಕ ಹೊತ್ತು ಯಾವುದು? ಮುಂಜಾನೆ ಎನ್ನುತ್ತಾನೆ ನನ್ನ ಜೊತೆಯವನು. ರಾತ್ರಿ ಉಂಡ ಮೇಲೆ ಎನ್ನುತ್ತೇನೆ ನಾನು. ಇವತ್ತು ತೀರ್ಮಾನವಾಗಲೇಬೇಕು."

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಸೊಸೆ ಗಂಡನನ್ನು ಕಳೆದುಕೊಂಡು, ಪುಟ್ಟ ಮಗಳೊಂದಿಗೆ ಮಾವನ ಮನೆಯಲ್ಲೇ ಇದ್ದಳು. ಅಜ್ಜನ ಅಂಗಡಿಯ ಬೆಲ್ಲ ಸದಾ ಮಗುವಿನ ಬಾಯಲ್ಲಿ. ಮಲಗುವ ಮೊದಲು ಸೊಸೆ ಮಗುವಿನ ಹಲ್ಲುಜ್ಜಲು ಹೋದರೆ ಮಾವ ಬೇವಿನ ಕಡ್ಡಿಯನ್ನು ಕಿತ್ತು ಎಸೆಯುತ್ತಿದ್ದ. "ಹೊತ್ತು ಮುಳುಗಿದ ಮೇಲೆ ಹಲ್ಲುಜ್ಜುವುದು ನಮ್ಮ ಮನೆತನದಲ್ಲಿಲ್ಲ" ಎನ್ನುತ್ತಿದ್ದ. ಅವಳು ಸಿಟ್ಟು ನುಂಗಿಕೊಂಡು ಮಗುವನ್ನು ಹಾಗೇ ಮಲಗಿಸುತ್ತಿದ್ದಳು. ಹೋಗಲು ಬೇರೆ ಮನೆಯಿರಲಿಲ್ಲ.

ಒಂದು ದಿನ ಮಗುವಿನ ದವಡೆ ಊದಿತು. ಜ್ವರ ಏರಿತು. ಹಾಲು ಕೂಡ ಗಂಟಲಿಗಿಳಿಯಲಿಲ್ಲ. ವೈದ್ಯ ಬಂದು ಬಾಯಿ ತೆರೆಸಿ ನೋಡಿದ. "ಹಲ್ಲು ಬುಡದವರೆಗೆ ಕೊಳೆತಿದೆ. ಈಗಲೇ ಕೀಳಬೇಕು. ಗಟ್ಟಿಯಾಗಿ ಹಿಡಿದುಕೊಳ್ಳಿ" ಎಂದ.

ತಾಯಿ ಮಗುವಿನ ಕಾಲು ಹಿಡಿದಳು. ತಲೆ ಹಿಡಿಯಬೇಕಿದ್ದ ವ್ಯಾಪಾರಿ ವೈದ್ಯನ ರಟ್ಟೆ ಹಿಡಿದ. "ಮೊದಲು ಇದನ್ನು ಹೇಳು. ಹಲ್ಲುಜ್ಜಬೇಕಾದದ್ದು ಮುಂಜಾನೆಯೋ, ರಾತ್ರಿಯೋ? ಇವಳ ಎದುರಿಗೇ ಹೇಳು."

"ಎರಡು ಹೊತ್ತೂ ಉಜ್ಜಬೇಕು. ಒಂದೇ ಹೊತ್ತು ಎಂದರೆ ರಾತ್ರಿ, ಮಲಗುವ ಮುಂಚೆ. ಕೈ ಬಿಡು."

ವ್ಯಾಪಾರಿ ಬಿಡಲಿಲ್ಲ. ನೀನೆಂಥ ವೈದ್ಯನೆಂದು ಕೂಗಾಡತೊಡಗಿದ. ಮಗು ಚೀರುತ್ತಿತ್ತು. ಸೊಸೆಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಎದ್ದವಳೇ ಮಾವನ ಎದೆಗೆ ಕೈಯಿಟ್ಟು ಹೊಸಿಲಾಚೆಗೆ ನೂಕಿದಳು. "ಮಗು ಸಾಯುತ್ತಿದೆ. ನಿಮಗೆ ವಾದ ಗೆಲ್ಲಬೇಕೇ?" ಎಂದು ಬಾಗಿಲು ಹಾಕಿ ಅಗುಳಿ ಜಡಿದಳು. ಅವನು ಹೊರಗಿನಿಂದ ಗುದ್ದುತ್ತಲೇ ಇದ್ದ. ಅವಳು ಅತ್ತ ತಿರುಗಲಿಲ್ಲ. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅದುಮಿ ಹಿಡಿದಳು. ವೈದ್ಯ ಇಕ್ಕಳ ತೆಗೆದ.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು.

ಅಡವಯ್ಯನ ಮುಖ ಅರಳಿತು. "ಹಾಗಾದರೆ ರಾತ್ರಿಯೇ! ನಾನು ಹೇಳಿದ್ದೇ ಸರಿ. ಈಗಲೇ ಹೋಗಿ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿಬರುತ್ತೇನೆ" ಎಂದು ಹೊರಟ.

ಗುರುಗಳು ಅವನ ಬೆನ್ನಿಗೆ ಹೇಳಿದರು:

"ಮಗು ಉಳಿಯಿತೇ ಎಂದು ನೀನು ಕೇಳಲಿಲ್ಲ."