ಹೊಸ್ತಿಲ ಮೇಲಿನ ನಿದ್ದೆ

ಗದಗಿನ ಕಡೆಯ ಒಂದು ನೇಕಾರರ ಊರಿನಲ್ಲಿ, ಪ್ರಾರ್ಥನಾ ಮಂದಿರದ ಹಿಂದಿನ ಒಂದೇ ಕೋಣೆಯ ಹಂಚಿನ ಮನೆಯಲ್ಲಿ ಮಾತೆ ರಾಹೇಲಮ್ಮನವರು ವಾಸವಾಗಿದ್ದರು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದೇ ಅವರ ಜೀವನೋಪಾಯ. ಬೆಳಿಗ್ಗೆ ಮಕ್ಕಳಿಗೆ ಅಕ್ಷರ ಹೇಳಿಕೊಡುವರು, ಸಂಜೆ ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವರು. ಅವರ ಬಾಗಿಲಿಗೆ ಅಗುಳಿ ಇರಲಿಲ್ಲ. ಒಂದನ್ನು ಹಾಕಿಸಿಕೊಳ್ಳಿರೆಂದು ಸಭೆಯ ಹಿರಿಯರು ಎಷ್ಟು ಹೇಳಿದರೂ ನಕ್ಕು ಸುಮ್ಮನಾಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅದೇ ಓಣಿಯ ಒಂದು ಮನೆಯ ಸೊಸೆ ಮಾರ್ಥವ್ವ ಮುರಿದ ಕೈ ಹಿಡಿದುಕೊಂಡು ಆ ಬಾಗಿಲಿಗೆ ಬಂದಳು. ಮುರಿದವನು ಅವಳ ಗಂಡ ಯೋನಪ್ಪ. ಮಾತೆಯವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈಗೆ ಕಟ್ಟು ಹಾಕಿಸಿ, ತಮ್ಮ ಚಾಪೆಯನ್ನು ಅವಳಿಗೆ ಬಿಟ್ಟುಕೊಟ್ಟರು.

ಯೋನಪ್ಪನ ಅಣ್ಣ ಸಾಮುವೇಲಪ್ಪ ಆ ಮನೆಯ ಯಜಮಾನ. ಭಾನುವಾರ ತಪ್ಪದೆ ಮಂದಿರಕ್ಕೆ ಬರುತ್ತಿದ್ದನಾದರೂ, ಪ್ರಾರ್ಥನೆ ಎಂಬುದು ಕೈಲಾಗದವರ ಸಮಾಧಾನ ಎಂದು ಗೆಳೆಯರ ಮುಂದೆ ನಗುತ್ತಿದ್ದ ಮನುಷ್ಯ. ಮನೆಯ ಸೊಸೆ ಇನ್ನೊಬ್ಬರ ಆಶ್ರಯ ಸೇರಿದ್ದು ಅವನಿಗೆ ಅವಮಾನವಾಯಿತು. ಎರಡು ಸಲ ಹೇಳಿಕಳಿಸಿದ. ಮಾತೆಯವರು ಅವಳನ್ನು ಕಳಿಸಲಿಲ್ಲ. ಅವರ ನೀರಿನ ಕೊಡ ಒಡೆಯಿತು, ಮಾಡಿನ ಮೇಲೆ ಕಲ್ಲು ಬಿದ್ದವು. ಒಂಬತ್ತನೆಯ ದಿನ, ಸುಡುವ ಮಧ್ಯಾಹ್ನದಲ್ಲಿ, ಸಾಮುವೇಲಪ್ಪ, ಯೋನಪ್ಪ ಮತ್ತು ಅವರ ಕಿರಿಯ ತಮ್ಮ ದಾನಪ್ಪ ಬಡಿಗೆ ಹಿಡಿದು ಅಂಗಳಕ್ಕೆ ಬಂದು ನಿಂತರು.

ವೈರಿಗಳು ಸುತ್ತುವರಿದಾಗ ಹಿಂದಿನ ಭಕ್ತರು ದೇವರಿಗೆ ಇಟ್ಟ ಮೊರೆಗಳನ್ನು ಮಾತೆಯವರು ದಿನವೂ ಓದುತ್ತಿದ್ದರು. ಅಂದು ಪುಸ್ತಕ ತೆರೆಯಲಿಲ್ಲ. ಬಂದವರನ್ನೊಮ್ಮೆ ನೋಡಿದರು. ಹೊಸ್ತಿಲಲ್ಲೇ ಮೊಣಕಾಲೂರಿ, ತಮ್ಮ ಆಡುಮಾತಿನಲ್ಲೇ ಗಟ್ಟಿಯಾಗಿ ಮೊರೆಯಿಟ್ಟರು:

“ಅಪ್ಪಾ, ಮೂರು ಮಂದಿ ಬಡಿಗಿ ಹಿಡಕೊಂಡು ಬಂದಾರ. ನನ್ನ ಕಾಲು ನಡಗಾಕತ್ತಾವು. ಸಿಟ್ಟೂ ಬಂದೈತಿ. ಅವರ ಕೈ ಮುರದ ಬೀಳಲಿ ಅಂತ ಅನಸಾಕತ್ತೈತಿ, ನಿನ್ನ ಮುಂದ ಸುಳ್ಳು ಯಾಕ ಹೇಳಲಿ? ಈ ಸಿಟ್ಟು ನಿನ್ನ ಹತ್ರನ ಇಟ್ಕೊ. ಈ ಹುಡುಗೀನ ಕಾಯಾಂವ ನೀನು, ನಾನಲ್ಲ. ನ್ಯಾಯಾ ನಿಂದು.”

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಮೂಲೆಯಲ್ಲಿ ಮುದುಡಿದ್ದ ಮಾರ್ಥವ್ವನಿಗೆ, “ಅಂಜಬ್ಯಾಡ ಮಗಳ” ಎಂದರು. ಹೊಸ್ತಿಲಿಗೆ ಅಡ್ಡಲಾಗಿ ಮಲಗಿ, ತೋಳನ್ನು ತಲೆದಿಂಬು ಮಾಡಿಕೊಂಡು ಕಣ್ಣು ಮುಚ್ಚಿದರು.

“ನಾಟಕಾ ಮಾಡಾಕತ್ತಾಳ. ದಾಟಿ ಹೋಗಿ ಅಕೀನ ಎಳಕೊಂಡು ಬಾ ಅಣ್ಣಾ!” ಎಂದು ಯೋನಪ್ಪ ಕೂಗಿದ.

ಸಾಮುವೇಲಪ್ಪ ಹತ್ತಿರ ಹೋಗಿ ಬಗ್ಗಿ ನೋಡಿದ. ನಾಟಕವಲ್ಲ. ಬಾಯಿ ತುಸು ತೆರೆದಿತ್ತು, ಉಸಿರು ಒಂದೇ ಸಮನೆ ಏರಿ ಇಳಿಯುತ್ತಿತ್ತು. ಕೆನ್ನೆಯ ಮೇಲೆ ನೊಣ ಕೂತರೂ ಅವರಿಗೆ ಎಚ್ಚರವಿರಲಿಲ್ಲ. ಈಗಷ್ಟೇ ಕಾಲು ನಡುಗುತ್ತಿದೆ ಎಂದ ಮುದುಕಿ, ಮೂರು ಬಡಿಗೆಗಳ ಕೆಳಗೆ, ತಾಯಿಯ ಮಡಿಲಲ್ಲಿನ ಕೂಸಿನಂತೆ ನಿದ್ದೆ ಹೋಗಿದ್ದರು! ದಾಟಲೆಂದು ಎತ್ತಿದ ಕಾಲು ಮುಂದೆ ಹೋಗಲಿಲ್ಲ. ಮಲಗಿದವರಿಗೂ ತನಗೂ ನಡುವೆ ಯಾರೋ ಬಂದು ನಿಂತಿದ್ದಾರೆ, ಅವರ ಮುಂದೆ ತಾನು ಬರಿಗೈಯವನು ಎಂದು ಅವನಿಗೆ ಅನ್ನಿಸಿತಂತೆ.

ದಾನಪ್ಪ ಹಿಂದಿರುಗಿ ನಡೆದುಬಿಟ್ಟ. ಯೋನಪ್ಪ ಮಾತ್ರ ಬಡಿಗೆ ಎತ್ತಿಕೊಂಡು ಮುಂದೆ ನುಗ್ಗಿದ. ಸಾಮುವೇಲಪ್ಪ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ.

“ಮೊದಲ ನನ್ನ ದಾಟು.”

ಆ ಮಾತು ತನ್ನ ಬಾಯಿಗೆ ಹೇಗೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಯೋನಪ್ಪ ಅಣ್ಣನನ್ನು ದುರುಗುಟ್ಟಿ ನೋಡಿ, ಕೈ ಕೊಸರಿಕೊಂಡು, ಬೈಯುತ್ತ ಹೊರಟುಹೋದ.

ಸಾಮುವೇಲಪ್ಪ ಬಿಸಿಲಿನಲ್ಲೇ ಕುಳಿತ. ನೆರಳು ಇತ್ತು, ಅಲ್ಲಿಗೆ ಹೋಗಲು ಮನಸ್ಸಾಗಲಿಲ್ಲ. ಬಹಳ ಹೊತ್ತಿನ ಮೇಲೆ ಮಾತೆಯವರು ಎದ್ದು, ಅವನನ್ನು ಕಂಡು, “ಊಟಾ ಆತೇನಪಾ?” ಎಂದು ಕೇಳಿದರು.

“ಯವ್ವಾ, ನಿಮ್ಮನ್ನ ಹೊಡಿಯಾಕ ಬಂದಿದ್ವಿ. ಹೆಂಗ ನಿದ್ದಿ ಬಂತು ನಿಮಗ?”

“ನನ್ನ ಪಾಲಿನ ಕೆಲಸಾ ಮುಗದಿತ್ತು ತಮ್ಮಾ. ದೇವರ ಪಾಲಿಂದು ನಡದಿತ್ತಲ್ಲ, ನಿನ್ನೊಳಗ.”

ಅಷ್ಟೇ. ಸಾಮುವೇಲಪ್ಪ ಹೊಸ್ತಿಲಿಗೆ ಹಣೆ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತ. ಒಳಗಿದ್ದ ತಮ್ಮನ ಹೆಂಡತಿಗೆ ಕೇಳುವಂತೆ ಹೇಳಿದ: “ಮಾರ್ಥವ್ವಾ, ನೀ ಒದರೂದು ನನಗ ಕೇಳ್ತಿತ್ತವ್ವಾ. ಕೇಳಬಾರದಂತ ಮಗ್ಗದ ಸಪ್ಪಳಾ ಜೋರು ಮಾಡ್ತಿದ್ದೆ. ಕೈ ಮುರದಾಂವ ಅವ ಒಬ್ಬನ ಅಲ್ಲ.”

ಅವನನ್ನು ಕ್ಷಮಿಸೆಂದು ಮಾತೆಯವರು ಮಾರ್ಥವ್ವನಿಗೆ ಹೇಳಲಿಲ್ಲ.

ಅವಳು ಆ ಮನೆಗೆ ಹಿಂತಿರುಗಲೂ ಇಲ್ಲ. ಕೈ ಕೂಡಿದ ಮೇಲೆ ಅವಳ ಜೀವನಕ್ಕೆಂದು ಸಾಮುವೇಲಪ್ಪನೇ ಒಂದು ಮಗ್ಗವನ್ನು ಬಂಡಿಯಲ್ಲಿ ತಂದು ಮಂದಿರದ ಹಿಂದೆ ಹೂಡಿಸಿಕೊಟ್ಟ. ಯೋನಪ್ಪ ಊರು ಬಿಟ್ಟು ಹೋದ. ಅವನ ಮನಸ್ಸು ತಿರುಗಿತೋ ಇಲ್ಲವೋ, ಯಾರೂ ಅರಿಯರು. ಮಾತೆಯವರು ಮಾತ್ರ ಕಡೆಯ ದಿನದವರೆಗೂ ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು.

ಆ ಘಟನೆಯ ಮರು ಭಾನುವಾರ ಸಭೆಯಲ್ಲಿ, ಪ್ರಾರ್ಥಿಸುವವರು ಏಳಿರೆಂದು ಪಾಸ್ಟರು ಹೇಳಿದಾಗ, ಎಂದೂ ಬಾಯಿ ತೆರೆಯದ ಸಾಮುವೇಲಪ್ಪ ಎದ್ದು ನಿಂತ. ಎಲ್ಲರೂ ತಿರುಗಿ ನೋಡಿದರು.

“ಅಪ್ಪಾ, ಮಾತೆಯವರು ನಿನ್ನ ಮುಂದ ಯಾರ ಮ್ಯಾಲೆ ದೂರು ಹೇಳಿದರೋ, ಆ ವೈರಿ ನಾನು. ಓಡಿ ಹೋಗಿಲ್ಲ. ಇಲ್ಲೇ ನಿಂತೀನಿ.”