ಆರನೇ ಗೇರು

ಮೈಸೂರಿನ ನಂಜರಾಜ ಅರಸರು ತಮ್ಮ ಹಳೇ ರೇಸ್ ಕಾರಿಗೆ ಆರು ಗೇರಿನ ಬಾಕ್ಸೇ ಬೇಕೆಂದು ಹಠ ಹಿಡಿದರು.

"ಟ್ರ್ಯಾಕಿನ ತುಂಬ ತಿರುವುಗಳೇ ಸ್ವಾಮಿ. ಹಗುರವಾದ ನಾಲ್ಕು ಗೇರಿನದೇ ಸರಿ," ಎಂದ ಮೆಕ್ಯಾನಿಕ್ ದಸ್ತಗೀರ್.

"ಗ್ರೀಸ್ ಒರೆಸುವವನು ನನಗೆ ಬುದ್ಧಿ ಹೇಳಬೇಡ," ಎಂದು ಅರಸರು ಗೆಳೆಯರೆದುರೇ ಗದರಿದರು.

ಮೂವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ದಸ್ತಗೀರನಿಗೆ ಮೈಯೆಲ್ಲ ಉರಿಯಿತು. ಅರಸರಿಗೆ ತಿಳಿಸದೆ ನಾಲ್ಕು ಗೇರಿನದನ್ನೇ ಕೂಡಿಸಿದ. ವಾರದ ಮೇಲೆ ಅರಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಟ್ರ್ಯಾಕಿನಲ್ಲಿ ಓಡಿಸಿದ. ಕಾರು ಬಾಣದಂತೆ ಹೋಯಿತು.

ಕೆಳಗಿಳಿದ ಅರಸರು ಮೀಸೆ ತಿರುವುತ್ತ ಗೆಳೆಯರಿಗೆ ಹೇಳಿದರು: "ಆರನೇ ಗೇರು ಬಿದ್ದಾಗ ಎದೆ ಝಲ್ಲೆಂದಿತು. ಈ ಮಹಾಶಯ ನಾಲ್ಕೇ ಸಾಕೆಂದಿದ್ದ."

"ನಾನು ಕೂಡಿಸಿದ್ದು ನಾಲ್ಕೇ ಸ್ವಾಮಿ," ಎಂದ ದಸ್ತಗೀರ್. "ಉಳಿದೆರಡನ್ನು ಈಗ ತಾವೇ ಹಾಕಿದಿರಿ."

ಗೆಳೆಯರು ಗೊಳ್ಳೆಂದು ನಕ್ಕರು. ಅರಸರ ಕೈ ಮೀಸೆಯ ಮೇಲೇ ನಿಂತುಬಿಟ್ಟಿತು.